ಹಾಜರಿಯ ಪ್ರಶ್ನೆ: ಮನೋರೋಗ, ವಿದ್ಯೆ ಮತ್ತು ಸಾನ್ನಿಧ್ಯ

ಮನೋರೋಗದೊಂದಿಗೆ ಬದುಕುವ ವಿದ್ಯಾರ್ಥಿಗೆ ಪದವಿ ಓದಲು ಇಂದು ಎರಡು ದಾರಿಗಳಿವೆ. ಒಂದು, ಕ್ಯಾಂಪಸ್ಸಿಗೆ ಹೋಗಿ ತರಗತಿಯಲ್ಲಿ ಕೂರುವುದು. ಇನ್ನೊಂದು, ಮನೆಯಲ್ಲೇ ಇದ್ದು ಆನ್‌ಲೈನ್ ಅಥವಾ ದೂರಶಿಕ್ಷಣದ ಮೂಲಕ ಓದುವುದು. ಮೇಲ್ನೋಟಕ್ಕೆ ಇದು ಬಸ್ಸು, ಹಾಸ್ಟೆಲು, ಫೀಸು, ಮಾತ್ರೆಯ ಮಂಪರು ಇವುಗಳ ಲೆಕ್ಕಾಚಾರ. ಆದರೆ ಲೆಕ್ಕದ ಅಡಿಯಲ್ಲಿ ಹಳೆಯ ತಾತ್ವಿಕ ಪ್ರಶ್ನೆಗಳಿವೆ. ವಿದ್ಯೆಗೆ ಗುರುವಿನ ಸಾನ್ನಿಧ್ಯ ಬೇಕೇ ಬೇಕೆ? ನೊಂದ ಮನಸ್ಸಿಗೆ ಹಿತವಾದುದು ಏಕಾಂತವೋ, ಸಂಗವೋ? ಆರಿಸಬೇಕಾದ ಮನಸ್ಸೇ ಅಸ್ವಸ್ಥವಾಗಿರುವಾಗ ಆಯ್ಕೆ ಯಾರದು? ಭಾರತದ ಧಾರ್ಮಿಕ ಗ್ರಂಥಗಳು ಈ ಪ್ರಶ್ನೆಗಳನ್ನು ಎದುರಿಸಿವೆ, ಅದೂ ಬೆರಗು ಹುಟ್ಟಿಸುವಷ್ಟು ನಿರ್ದಿಷ್ಟವಾಗಿ.

ಈ ಪ್ರಶ್ನೆ ವಿಶ್ವವಿದ್ಯಾಲಯದ ಹೊಸ್ತಿಲಲ್ಲೇ ಏಳುವುದಕ್ಕೆ ಕಾರಣವಿದೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆಗಳು ಬಹುತೇಕ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಹರೆಯದಲ್ಲಿ ಮೊದಲು ಕಾಣಿಸಿಕೊಳ್ಳುತ್ತವೆ. ಅಂದರೆ ಪದವಿಯ ವಯಸ್ಸೂ ಕಾಯಿಲೆಯ ವಯಸ್ಸೂ ಒಂದೇ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ, ಬೇರೆ ಬೇರೆ ಕಾಯಿಲೆಗಳಲ್ಲಿ, ಶೇ. 70ರಿಂದ 92ರವರೆಗೆ. ಹಾಗಾಗಿ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಕ್ರಮೇಣ ಬರುವುದನ್ನೇ ಬಿಟ್ಟ ಹುಡುಗನಿಗೆ ತನಗೇನಾಗಿದೆ ಎಂಬುದೇ ಗೊತ್ತಿರದ ಸಂಭವ ಹೆಚ್ಚು. ಕಾಲೇಜಿನ ಕಚೇರಿಗಂತೂ ಅವನು ‘ಅಟೆಂಡೆನ್ಸ್ ಶಾರ್ಟೇಜ್’ ಪಟ್ಟಿಯ ಒಂದು ನೋಂದಣಿ ಸಂಖ್ಯೆ ಅಷ್ಟೇ.

ಎರಡೂ ದಾರಿಗಳ ಈಗಿನ ಸ್ಥಿತಿ ಹೀಗಿದೆ. ನಿಯತ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಶೇ. 75ರ ಹಾಜರಿ ಕಡ್ಡಾಯ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಸ್ವಲ್ಪ ಮಟ್ಟಿಗೆ ವಿನಾಯಿತಿ ಸಿಗಬಹುದು. ದೂರಶಿಕ್ಷಣಕ್ಕೆ ದೇಶದ ಮಟ್ಟದಲ್ಲಿ 1985ರಲ್ಲಿ ಶುರುವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಕನ್ನಡ ನಾಡಿನಲ್ಲಿ 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇವೆ. 2020ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿ ಅರ್ಹ ವಿಶ್ವವಿದ್ಯಾಲಯಗಳಿಗೆ ಪೂರ್ತಿ ಆನ್‌ಲೈನ್ ಪದವಿ ನಡೆಸಲು ಅವಕಾಶ ಕೊಟ್ಟಿತು. 2022ರಲ್ಲಿ ಯುಜಿಸಿ, ಮಾನ್ಯತೆ ಪಡೆದ ಸಂಸ್ಥೆಗಳ ಮುಕ್ತ, ದೂರ ಮತ್ತು ಆನ್‌ಲೈನ್ ಪದವಿಗಳು ನಿಯತ ಪದವಿಗೆ ಸಮಾನವೆಂದು ಸ್ಪಷ್ಟಪಡಿಸಿತು. ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು, ನರ್ಸಿಂಗ್ ಮುಂತಾದ ವಿಷಯಗಳಲ್ಲಿ ಮಾತ್ರ ಆನ್‌ಲೈನ್ ಪದವಿಗೆ ಅನುಮತಿ ಇಲ್ಲ. ಹೆಣ ಕೊಯ್ದು ನೋಡದ ವೈದ್ಯ ಯಾರಿಗೂ ಬೇಡ, ಆದ್ದರಿಂದ ಇದರಲ್ಲಿ ತಕರಾರಿಲ್ಲ. ಕಾಗದದ ಮೇಲೆ ಸಮಾನವಾದದ್ದು ನೆಂಟರ ಬಾಯಲ್ಲಿ ಸಮಾನವಾಗಿಲ್ಲ ಎಂಬುದು ಬೇರೆ ಮಾತು. ‘ಕರೆಸ್ಪಾಂಡೆನ್ಸಾ?’ ಎಂದು ಕೇಳುವ ದನಿಯಲ್ಲೇ ಅರ್ಧ ತೀರ್ಪು ಇರುತ್ತದೆ.

ಆ ತೀರ್ಪಿನ ಹಿಂದೆ ಸೋಮಾರಿ ಪೂರ್ವಗ್ರಹವೊಂದೇ ಇಲ್ಲ, ಒಂದು ಗಂಭೀರ ವಾದವೂ ಇದೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ಆಚಾರ್ಯನನ್ನು ಒಂದು ಬದಿಯಲ್ಲೂ ಶಿಷ್ಯನನ್ನು ಇನ್ನೊಂದು ಬದಿಯಲ್ಲೂ ಇಟ್ಟು, ವಿದ್ಯೆಯನ್ನು ಅವರಿಬ್ಬರ ನಡುವಿನ ಸಂಧಿಯಾಗಿ ಕಾಣುತ್ತದೆ. ವಿದ್ಯೆ ಗುರುವಿನ ತಲೆಯಲ್ಲಿರುವ ಸರಕಲ್ಲ, ಇಬ್ಬರ ನಡುವೆ ಘಟಿಸುವ ಸಂಗತಿ. ನಮ್ಮ ಕಾಲದಲ್ಲಿ ಅಮೆರಿಕದ ತತ್ವಜ್ಞಾನಿ ಹ್ಯೂಬರ್ಟ್ ಡ್ರೈಫಸ್ 2001ರಲ್ಲಿ ಪ್ರಕಟಿಸಿದ ‘ಆನ್ ದಿ ಇಂಟರ್‌ನೆಟ್’ ಕೃತಿಯಲ್ಲಿ ಬೇರೆ ದಾರಿಯಿಂದ ಇದರ ಸಮೀಪಕ್ಕೇ ಬಂದರು. ದೂರಕಲಿಕೆಯಿಂದ ಒಂದು ಹಂತದ ಸಾಮರ್ಥ್ಯ ಬಂದೀತು, ಪರಿಣತಿ ಬಾರದು. ತಪ್ಪು ಉತ್ತರ ಹೇಳಿ ಎಲ್ಲರೆದುರು ಮುಖ ಕೆಂಪಾಗುವ ಅಪಾಯ, ದೇಹಸಮೇತ ಅಲ್ಲಿರುವ ಪಣ ಇಲ್ಲದೆ ಕಲಿಕೆ ಮೈಗೆ ಹತ್ತುವುದಿಲ್ಲ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಅದು ಆ ಅಪಾಯವನ್ನು ಎಲ್ಲರೂ ಒಂದೇ ಅಳತೆಯಲ್ಲಿ ಅನುಭವಿಸುತ್ತಾರೆಂದು ಊಹಿಸಿಕೊಂಡಿದೆ. ತೀವ್ರ ಸಾಮಾಜಿಕ ಆತಂಕ ಇರುವವಳಿಗೆ ಮುಖ ಕೆಂಪಾಗುವ ಆ ಕ್ಷಣ ಕಲಿಕೆಯನ್ನು ಗಟ್ಟಿ ಮಾಡುವುದಿಲ್ಲ. ಆ ಗಂಟೆಯ ಉಳಿದೆಲ್ಲವನ್ನೂ ನುಂಗಿಹಾಕುತ್ತದೆ. ತನ್ನ ಬಗ್ಗೆಯೇ ಪಿಸುಗುಟ್ಟುತ್ತಿದ್ದಾರೆಂಬ ಸಂಶಯ ಹೊಕ್ಕವನಿಗೆ ಅರವತ್ತು ಜನರ ಕೊಠಡಿಯಲ್ಲಿ ಪಾಠ ಕೇಳಿಸುವುದೇ ಇಲ್ಲ.

ಉಪನಿಷತ್ತುಗಳು ಡ್ರೈಫಸ್‌ಗಿಂತ ಹೆಚ್ಚು ಸೂಕ್ಷ್ಮವಾಗಿವೆ. ಛಾಂದೋಗ್ಯದ ನಾಲ್ಕನೆಯ ಅಧ್ಯಾಯದಲ್ಲಿ ಒಂದರ ಹಿಂದೊಂದು ಬರುವ ಎರಡು ಕಥೆಗಳನ್ನು ಈ ದೃಷ್ಟಿಯಿಂದ ಓದಬೇಕು. ಮೊದಲನೆಯದು ಪ್ರಸಿದ್ಧವಾದ ಸತ್ಯಕಾಮ ಜಾಬಾಲನದು. ಗುರು ಹಾರಿದ್ರುಮತ ಗೌತಮ ಅವನಿಗೆ ಉಪನಯನ ಮಾಡಿದವನೇ ನಾನೂರು ಬಡಕಲು ಹಸುಗಳನ್ನು ಒಪ್ಪಿಸಿ ಕಳಿಸಿಬಿಡುತ್ತಾನೆ. ಅವು ಸಾವಿರವಾಗುವವರೆಗೆ ಮರಳುವುದಿಲ್ಲವೆಂದು ಶಿಷ್ಯ ಹೊರಡುತ್ತಾನೆ. ವರ್ಷಗಟ್ಟಲೆ ಗುರುವಿಲ್ಲ, ಸಹಪಾಠಿಗಳಿಲ್ಲ. ಬ್ರಹ್ಮದ ಒಂದೊಂದು ಪಾದವನ್ನು ಅವನಿಗೆ ಕಲಿಸುವುದು ಒಂದು ಹೋರಿ, ಬೆಂಕಿ, ಒಂದು ಹಂಸ ಮತ್ತು ಮದ್ಗುವೆಂಬ ನೀರುಹಕ್ಕಿ. ಹಿಂದಿರುಗಿದಾಗ ಅವನ ಮುಖದಲ್ಲೇ ತಿಳಿವನ್ನು ಕಂಡು ಗುರು ಯಾರು ಕಲಿಸಿದರೆಂದು ಕೇಳುತ್ತಾನೆ. ಮನುಷ್ಯರಲ್ಲದವರು ಎಂದು ಒಪ್ಪಿಕೊಳ್ಳುವ ಸತ್ಯಕಾಮ, ಆದರೂ ನೀವೇ ಹೇಳಬೇಕು ಎಂದು ಬೇಡುತ್ತಾನೆ. ಗುರು ಅದನ್ನೇ ಮತ್ತೆ ಹೇಳುತ್ತಾನೆ, ಏನನ್ನೂ ಬಿಡದೆ. ದೂರದಲ್ಲಿ ಕಲಿತದ್ದು ಸುಳ್ಳೆಂದು ಉಪನಿಷತ್ತು ಹೇಳುವುದಿಲ್ಲ. ಅದು ಪೂರ್ತಿಯಾಗಿಯೇ ಇತ್ತು. ಗುರುವಿನಿಂದ ಅದಕ್ಕೆ ಸಿಕ್ಕಿದ್ದು ಸ್ಥಿರತೆ.

ಎರಡನೆಯ ಕಥೆ ಅಷ್ಟು ಪ್ರಸಿದ್ಧವಲ್ಲ, ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಅದೇ ಸತ್ಯಕಾಮ ಈಗ ಗುರು. ಅವನ ಆಶ್ರಮದಲ್ಲಿ ಉಪಕೋಸಲ ಕಾಮಲಾಯನ ಎಂಬ ಶಿಷ್ಯ ಹನ್ನೆರಡು ವರ್ಷ ಅಗ್ನಿಗಳ ಸೇವೆ ಮಾಡುತ್ತಾನೆ. ಉಳಿದ ಶಿಷ್ಯರನ್ನೆಲ್ಲ ವಿದ್ಯೆ ಮುಗಿಸಿ ಊರಿಗೆ ಕಳಿಸಿದ ಗುರು ಇವನೊಬ್ಬನನ್ನು ಕಳಿಸುವುದಿಲ್ಲ, ಇವನಿಗೆ ಹೇಳಿಕೊಡುವುದೂ ಇಲ್ಲ. ಹುಡುಗ ದಣಿದಿದ್ದಾನೆ ಎಂದು ಗುರುಪತ್ನಿ ಹೇಳಿದರೂ ಕಿವಿಗೊಡದೆ ಪ್ರವಾಸಕ್ಕೆ ಹೊರಟುಬಿಡುತ್ತಾನೆ. ಉಪಕೋಸಲ ಊಟ ಬಿಡುತ್ತಾನೆ. ಯಾಕೆ ಉಣ್ಣುವುದಿಲ್ಲವೆಂದು ಗುರುಪತ್ನಿ ಕೇಳಿದಾಗ ಅವನು ಕೊಡುವ ಕಾರಣ ವ್ರತದ್ದಲ್ಲ, ಹಟದ್ದೂ ಅಲ್ಲ: ತನ್ನೊಳಗೆ ನಾನಾ ಕಡೆ ಎಳೆಯುವ ಆಸೆಗಳಿವೆ, ತಾನು ವ್ಯಾಧಿಗಳಿಂದ ತುಂಬಿಹೋಗಿದ್ದೇನೆ ಎನ್ನುತ್ತಾನೆ. ವ್ಯಾಖ್ಯಾನಕಾರರು ಇದನ್ನು ಮಾನಸಿಕ ದುಃಖವೆಂದೇ ತಿಳಿದಿದ್ದಾರೆ. ಅವನಿಗೆ ಇಂದಿನ ರೋಗನಾಮ ಹಚ್ಚುವುದು ಸಲ್ಲದು. ಆದರೂ ಗುರುಕುಲದ ಒಳಗೇ, ಶೇ. 100ರ ಹಾಜರಿಯೊಂದಿಗೇ, ಒಬ್ಬ ವಿದ್ಯಾರ್ಥಿ ಕುಸಿದ ಕಥೆಯನ್ನು ಉಪನಿಷತ್ತು ಮುಚ್ಚಿಟ್ಟಿಲ್ಲ ಎಂಬುದು ಮುಖ್ಯ. ಸಾನ್ನಿಧ್ಯವೆಂದರೆ ಒಂದೇ ಆವರಣದಲ್ಲಿರುವುದಲ್ಲ. ಹನ್ನೆರಡು ವರ್ಷ ಜೊತೆಗಿದ್ದ ಗುರು ಅವನ ಪಾಲಿಗೆ ಗೈರುಹಾಜರಾಗಿದ್ದ.

ಆಗ ಕಲಿಸಲು ಮುಂದಾಗುವುದು ಅವನು ಕಾದಿದ್ದ ಅಗ್ನಿಗಳು. ಈತ ನಮ್ಮನ್ನು ಚೆನ್ನಾಗಿ ನೋಡಿಕೊಂಡ, ಇವನಿಗೆ ಹೇಳೋಣ ಎಂದು ಮಾತಾಡಿಕೊಂಡು ಕಲಿಸುತ್ತವೆ. ಕೊನೆಗೆ, ನಮ್ಮ ವಿದ್ಯೆ ಇಷ್ಟು, ಮುಂದಿನ ಗತಿಯನ್ನು ಆಚಾರ್ಯ ಹೇಳುತ್ತಾನೆ ಎನ್ನುತ್ತವೆ. ಗುರು ಮರಳುತ್ತಾನೆ, ಉಳಿದದ್ದನ್ನು ಹೇಳುತ್ತಾನೆ. ಎರಡೂ ಕಥೆಗಳಲ್ಲಿ ಗುರುವಿನ ಬದಲಿಗೆ ಬೇರೆ ಮೂಲದಿಂದ ಬಂದ ಪಾಠಕ್ಕೆ ಮಾನ್ಯತೆ ಇದೆ; ಎರಡರಲ್ಲೂ ಒಂದು ಅಂಶ ಮನುಷ್ಯನಿಂದಲೇ ಬರಬೇಕು. ಆ ಅಂಶ ಮಾಹಿತಿಯಲ್ಲ. ಕಲಿತದ್ದು ಸರಿಯೆಂದು ಮುಖ ನೋಡಿ ಗುರುತಿಸುವುದು, ಮುಂದೆ ಯಾವ ಕಡೆ ಎಂದು ತೋರುವುದು. ಆನ್‌ಲೈನ್ ಕೋರ್ಸನ್ನು ತೂಗಬೇಕಾದ್ದು ಈ ತಕ್ಕಡಿಯಲ್ಲಿ. ರೆಕಾರ್ಡ್ ಮಾಡಿದ ವಿಡಿಯೊ ಅಗ್ನಿಯ ಕೆಲಸ ಮಾಡೀತು. ಅಸೈನ್‌ಮೆಂಟು ಓದಿ, ಮೂರು ವಾರದಿಂದ ಲಾಗಿನ್ ಆಗಿಲ್ಲವಲ್ಲ, ಹೇಗಿದ್ದೀಯಾ ಎಂದು ಕೇಳುವ ಒಬ್ಬ ಮನುಷ್ಯ ಆ ಕೋರ್ಸಿನಲ್ಲಿದ್ದಾನೆಯೇ ಎಂಬುದು ಪ್ರಶ್ನೆ. ಕ್ಯಾಂಪಸ್ಸಿಗೂ ಅದೇ ಪ್ರಶ್ನೆ ಹಾಕಬೇಕು, ಅಷ್ಟೇ ಕಟುವಾಗಿ.

ಏಕಾಂತದ ಪ್ರಶ್ನೆ ಇದಕ್ಕಿಂತ ತೊಡಕಿನದು. ಧರ್ಮಗಳು ಏಕಾಂತವನ್ನು ಹೊಗಳಿವೆ. ಗೀತೆಯ ಆರನೆಯ ಅಧ್ಯಾಯ ಯೋಗಿಯನ್ನು ಒಂಟಿಯಾಗಿ, ನಿರ್ಜನ ಸ್ಥಳದಲ್ಲಿ ಕೂರಿಸುತ್ತದೆ. ಬೌದ್ಧರ ಸುತ್ತನಿಪಾತದ ಖಗ್ಗವಿಸಾಣ ಸುತ್ತ ಖಡ್ಗಮೃಗದಂತೆ ಒಬ್ಬನೇ ತಿರುಗಲು ಹೇಳುತ್ತದೆ. ಅಕ್ಕಮಹಾದೇವಿ ಕಲ್ಯಾಣದ ಶರಣರ ಗೋಷ್ಠಿಯನ್ನು ಬಿಟ್ಟು ಶ್ರೀಶೈಲದ ಕದಳಿಗೆ ಹೋದಳು. ಹಾಗಿದ್ದಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಓದುವವನನ್ನು ಹೊರಗೆ ಎಳೆಯುವ ಹಕ್ಕು ಯಾರಿಗಿದೆ?

ಇಲ್ಲಿ ಎರಡು ಏಕಾಂತಗಳನ್ನು ಬೇರ್ಪಡಿಸದೆ ವಿಧಿಯಿಲ್ಲ. ಖಿನ್ನತೆಯಲ್ಲಿ ಮನುಷ್ಯ ಏಕಾಂತವನ್ನು ಆರಿಸಿಕೊಳ್ಳುವುದಿಲ್ಲ, ಅದರೊಳಗೆ ಜಾರುತ್ತಾನೆ. ಹೊರಗೆ ಹೋಗದಿದ್ದರೆ ಆ ಕ್ಷಣಕ್ಕೆ ಸಮಾಧಾನ. ಆ ಸಮಾಧಾನವೇ ನಾಳೆಯೂ ಹೋಗದಿರಲು ಕಾರಣ. ಹೋಗದಷ್ಟೂ ಸುಖದ, ಸಾಧನೆಯ ಸಣ್ಣ ಅನುಭವಗಳು ಕಡಿಮೆಯಾಗಿ ಖಿನ್ನತೆ ಆಳವಾಗುತ್ತದೆ. ಬಿಹೇವಿಯರಲ್ ಆಕ್ಟಿವೇಶನ್ ಎಂಬ ಚಿಕಿತ್ಸಾ ಕ್ರಮ ನಿಂತಿರುವುದೇ ಈ ಸುತ್ತನ್ನು ಕತ್ತರಿಸುವುದರ ಮೇಲೆ: ಮನಸ್ಸು ಬಂದಮೇಲೆ ಮಾಡುವುದಲ್ಲ, ಮಾಡಿದಮೇಲೆ ಮನಸ್ಸು ಬರುವುದು. ಆತಂಕದ ಕಾಯಿಲೆಗಳಲ್ಲೂ ಭಯಪಟ್ಟದ್ದನ್ನು ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಬೈಪೋಲಾರ್ ಇರುವವರಿಗೆ ನಿದ್ದೆಯ ಹೊತ್ತು ಏರುಪೇರಾದರೆ ಉನ್ಮಾದ ಕೆರಳಬಹುದು. ಯಾವಾಗ ಬೇಕಾದರೂ ನೋಡಬಹುದಾದ ಪಾಠ ನಡುರಾತ್ರಿಯ ಪಾಠವಾಗುವುದು ಸುಲಭ. ಗೀತೆಯ ಅದೇ ಆರನೆಯ ಅಧ್ಯಾಯ ಏಕಾಂತ ಹೇಳಿದ ಕೆಲವೇ ಶ್ಲೋಕಗಳ ನಂತರ ಅತಿಯಾಗಿ ಉಣ್ಣುವವನಿಗೂ ಉಪವಾಸ ಬೀಳುವವನಿಗೂ, ಅತಿಯಾಗಿ ನಿದ್ರಿಸುವವನಿಗೂ ಎಚ್ಚರವೇ ಇರುವವನಿಗೂ ಯೋಗವಿಲ್ಲ ಎನ್ನುತ್ತದೆ. ಊಟ, ನಿದ್ದೆ, ನಡಿಗೆ ಅಳತೆಯಲ್ಲಿದ್ದರೆ ಮಾತ್ರ ಆ ಏಕಾಂತ ಏಕಾಂತ. ಅಕ್ಕನೂ ಕದಳಿಗೆ ಹೋದದ್ದು ಅನುಭವ ಮಂಟಪದ ಪ್ರಶ್ನೆಗಳಿಗೆಲ್ಲ ಎದುರು ನಿಂತು ಉತ್ತರಿಸಿದ ಮೇಲೆ.

ಇದನ್ನು ಓದಿ ಎಲ್ಲರನ್ನೂ ಕ್ಯಾಂಪಸ್ಸಿಗೆ ಅಟ್ಟಬೇಕೆಂದು ತೀರ್ಮಾನಿಸಿದರೆ ಇನ್ನೊಂದು ತಪ್ಪಾಗುತ್ತದೆ. ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಮನೆಮಾತಿಗೆ ಶಾಸ್ತ್ರದ ಮೊಹರು ಒತ್ತಿದಂತಾಗುತ್ತದೆ. ರಾತ್ರಿ ನುಂಗಿದ ಮಾತ್ರೆಯಿಂದ ಬೆಳಗಿನ ಹತ್ತರವರೆಗೆ ತಲೆ ಎತ್ತಲಾಗದವಳಿಗೆ ಎಂಟೂವರೆಯ ತರಗತಿ ಇಚ್ಛಾಶಕ್ತಿಯ ಪರೀಕ್ಷೆಯಲ್ಲ. ಮನೋವಿಕಾರದ ಒಂದು ಕಂತಿನಿಂದ ಈಗಷ್ಟೇ ಎದ್ದವನಿಗೆ ಹೊಸ ಊರು, ಪಿಜಿಯ ಗದ್ದಲ, ರ್‍ಯಾಗಿಂಗಿನ ಭಯ ಕಾಯಿಲೆಯನ್ನು ಮರಳಿ ಕರೆಯಬಹುದು. ಅವನಿಗೆ ಮನೆಯೂ ಪರಿಚಿತ ವೈದ್ಯರೂ ಹತ್ತಿರವಿರುವ ಒಂದು ವರ್ಷ ಹಿಂಜರಿಕೆಯಲ್ಲ. ಮನೆಯೇ ಕಾಯಿಲೆಯ ಮೂಲವಾಗಿರುವವರಿಗೆ ಈ ಲೆಕ್ಕವೆಲ್ಲ ತಿರುಗಾಮುರುಗಾ.

ಹಾಗಾದರೆ ಬಾಗಬೇಕಾದವರು ಯಾರು, ವಿದ್ಯಾರ್ಥಿಯೋ ಸಂಸ್ಥೆಯೋ? ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ಸಿಗುವುದು ತತ್ವಗ್ರಂಥದಲ್ಲಲ್ಲ, ನಿಯಮಗಳ ಗ್ರಂಥದಲ್ಲಿ, ಪಾಳಿ ವಿನಯಪಿಟಕದ ಮಹಾವಗ್ಗದಲ್ಲಿ. ಹುಣ್ಣಿಮೆ ಅಮಾವಾಸ್ಯೆಗಳಂದು ನಡೆಯುವ ಉಪೋಸಥವೆಂಬ ಸಂಘದ ಸಭೆಗೆ ಒಂದು ಸೀಮೆಯೊಳಗಿನ ಎಲ್ಲ ಭಿಕ್ಷುಗಳೂ ಸೇರಲೇಬೇಕು. ಒಬ್ಬ ತಪ್ಪಿದರೂ ಸಂಘ ಅಪೂರ್ಣ. ಶೇ. 75 ಅಲ್ಲ, ಪೂರ್ತಿ ನೂರು. ಇಷ್ಟು ಬಿಗಿಯಾದ ನಿಯಮ ಕಾಯಿಲೆಯವನನ್ನು ಏನು ಮಾಡುತ್ತದೆ? ಅವನು ತನ್ನ ಪರಿಶುದ್ಧಿಯ ಮಾತನ್ನು ಇನ್ನೊಬ್ಬ ಭಿಕ್ಷುವಿನ ಮೂಲಕ ಹೇಳಿಕಳಿಸಬಹುದು. ಅದು ಆಗದಿದ್ದರೆ ಮಂಚದ ಸಮೇತ ಅವನನ್ನು ಹೊತ್ತು ತರಬೇಕು. ಹೊತ್ತು ತಂದರೆ ಕಾಯಿಲೆ ಹೆಚ್ಚುತ್ತದೆಂದು ಶುಶ್ರೂಷೆ ಮಾಡುವವರಿಗೆ ಅನ್ನಿಸಿದರೆ ಅವನನ್ನು ಕದಲಿಸಕೂಡದು. ಸಂಘವೇ ಅವನಿದ್ದಲ್ಲಿಗೆ ಹೋಗಿ ಉಪೋಸಥ ನಡೆಸಬೇಕು. ಅವನನ್ನು ಬಿಟ್ಟು ಅಪೂರ್ಣ ಸಂಘ ಮಾತ್ರ ಅದನ್ನು ನಡೆಸುವಂತಿಲ್ಲ.

ಈ ಕ್ರಮವನ್ನು ಗಮನಿಸಬೇಕು. ಹಾಜರಿಯ ಮೌಲ್ಯವನ್ನು ಎಲ್ಲಿಯೂ ಬಿಟ್ಟುಕೊಟ್ಟಿಲ್ಲ. ಬದಲಾದದ್ದು ನಡೆಯುವ ಕಾಲು ಯಾರದು ಎಂಬುದಷ್ಟೇ. ಆನ್‌ಲೈನ್ ಶಿಕ್ಷಣದ ಧಾರ್ಮಿಕ ಸಮರ್ಥನೆ ಎಂಬುದೊಂದು ಇದ್ದರೆ ಅದು ಇಲ್ಲಿದೆ: ಸಂಘವೇ ರೋಗಿಯ ಬಳಿಗೆ ಬರುವುದು. ಅದರ ಅತ್ಯಂತ ಕಟುವಾದ ಟೀಕೆಯೂ ಇಲ್ಲೇ ಇದೆ. ಪುಸ್ತಕದ ಕಟ್ಟು ಅಂಚೆಯಲ್ಲಿ ಬಂದು, ವರ್ಷಕ್ಕೊಮ್ಮೆ ಪರೀಕ್ಷಾ ಕೇಂದ್ರದ ವಿಳಾಸ ಬಂದು, ನಡುವೆ ಯಾರೂ ಬಾರದಿದ್ದರೆ ಸಂಘ ಬಂದಂತಾಗಲಿಲ್ಲ. ಅವನನ್ನು ಬಿಟ್ಟು ಉಪೋಸಥ ಮುಗಿಸಿದಂತಾಯಿತು.

ಮಹಾವಗ್ಗ ಅಲ್ಲಿಗೇ ನಿಲ್ಲದೆ ಹುಚ್ಚು ಹಿಡಿದ ಭಿಕ್ಷುವಿನ ವಿಚಾರಕ್ಕೂ ಬರುತ್ತದೆ. ಗಗ್ಗ ಎಂಬ ಭಿಕ್ಷು ಉಪೋಸಥವನ್ನು ಒಮ್ಮೆ ನೆನೆಯುತ್ತಾನೆ, ಒಮ್ಮೆ ಇಲ್ಲ; ಒಮ್ಮೆ ಬರುತ್ತಾನೆ, ಒಮ್ಮೆ ಇಲ್ಲ. ಅವನಿಗೆ ಸಂಘ ವಿಧಿವತ್ತಾಗಿ ‘ಉಮ್ಮತ್ತಕ ಸಮ್ಮುತಿ’, ಅಂದರೆ ಹುಚ್ಚು ಹಿಡಿದವನೆಂಬ ಮಾನ್ಯತೆ, ಕೊಡಬೇಕೆಂದು ಬುದ್ಧ ಹೇಳುತ್ತಾನೆ. ಅವನು ನೆನೆಯಲಿ ಬಿಡಲಿ, ಬರಲಿ ಬಿಡಲಿ, ಸಂಘದ ಕಾರ್ಯ ಸಿಂಧು. ಏರಿಳಿಯುವ ಕಾಯಿಲೆಯನ್ನು ಇಷ್ಟು ನಿಖರವಾಗಿ ಗುರುತಿಸಿದ ಹಾಜರಿ ನಿಯಮ ಇಂದಿನ ಯಾವ ವಿಶ್ವವಿದ್ಯಾಲಯದ ಕೈಪಿಡಿಯಲ್ಲೂ ಕಾಣುವುದು ಕಷ್ಟ. ಗಗ್ಗನ ಹೆಸರು ಪಟ್ಟಿಯಿಂದ ಹೋಗುವುದಿಲ್ಲ, ಬಂದ ದಿನ ಅವನಿಗೆ ಜಾಗವಿದೆ, ಬಾರದ ದಿನ ತಪ್ಪಿಲ್ಲ. ಇದೇ ಗಗ್ಗ ವಿನಯಪಿಟಕದ ಚುಲ್ಲವಗ್ಗದಲ್ಲಿ ಮತ್ತೆ ಬರುತ್ತಾನೆ, ಈಗ ಗುಣಮುಖನಾಗಿ. ಹುಚ್ಚಿನ ದಿನಗಳಲ್ಲಿ ಮಾಡಿದ್ದನ್ನು ಎತ್ತಿ ಕೆಲವು ಭಿಕ್ಷುಗಳು ಆರೋಪ ಹೊರಿಸುತ್ತಾರೆ. ಆಗ ಸಂಘ ‘ಅಮೂಳ್ಹ ವಿನಯ’ವೆಂಬ, ಹುಚ್ಚು ಕಳೆದವನಿಗೆ ಸಲ್ಲುವ ತೀರ್ಪು ಕೊಟ್ಟು ಆ ಲೆಕ್ಕವನ್ನು ಮುಚ್ಚುತ್ತದೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ, 2021ರ ಡಿಸೆಂಬರಿನಲ್ಲಿ, ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಾನಸಿಕ ಅಸ್ವಸ್ಥತೆ ಇರುವವರ ಮೇಲಿನ ಶಿಸ್ತುಕ್ರಮ ಪರೋಕ್ಷ ತಾರತಮ್ಯವಾಗಬಲ್ಲದು ಎಂದು ಹೇಳಿತು.

ಕಾನೂನು ಈಗ ಸಂಸ್ಥೆಯ ಕಡೆಗೇ ಬೆರಳು ತೋರುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನು ಅಂಗವೈಕಲ್ಯದ ಪಟ್ಟಿಯಲ್ಲಿ ಸೇರಿಸಿ, ಸೂಕ್ತ ಹೊಂದಾಣಿಕೆಯನ್ನು ಹಕ್ಕಾಗಿ ಮಾಡಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವೆಂದು ಪ್ರಮಾಣಪತ್ರ ಪಡೆದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಮೀಸಲಾತಿ ಇದೆ. ಹೊಂದಾಣಿಕೆ ಕೇಳಲು ಆ ಶೇ. 40ರ ಗಡಿ ದಾಟಿರಬೇಕಿಲ್ಲ ಎಂಬುದು 2021ರ ವಿಕಾಸ್ ಕುಮಾರ್ ಪ್ರಕರಣದ ತೀರ್ಪಿನ ಸಾರ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳನ್ನು ಹೊರಡಿಸಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕು ಎಂದಿತು. ಹೀಗಿರುವಾಗ ಕ್ಯಾಂಪಸ್ ಬಾಗಲು ಒಪ್ಪದೆ ವಿದ್ಯಾರ್ಥಿಯನ್ನು ‘ನಿನಗೆ ಆನ್‌ಲೈನೇ ಒಳ್ಳೆಯದು’ ಎಂದು ಸಾಗಹಾಕಿದರೆ ಅದು ಆಯ್ಕೆಯ ವೇಷದಲ್ಲಿರುವ ಹೊರದಬ್ಬುವಿಕೆ.

ಉಳಿದದ್ದು ಆರಿಸುವ ಮನಸ್ಸಿನ ಪ್ರಶ್ನೆ. ನಮ್ಮಲ್ಲಿ ಈ ತೀರ್ಮಾನವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದು ಅಪ್ಪ, ಚಿಕ್ಕಪ್ಪ, ಊರಿನ ಮೇಷ್ಟ್ರು. ವಿದ್ಯಾರ್ಥಿಗೆ ತಿಳಿಸುವುದು ಕೊನೆಗೆ. 2017ರ ಮಾನಸಿಕ ಆರೋಗ್ಯ ಕಾಳಜಿ ಕಾಯ್ದೆ, ಚಿಕಿತ್ಸೆಯ ವಿಷಯದಲ್ಲಿ, ರೋಗಿಯ ತೀರ್ಮಾನ ಬೇರೆಯವರಿಗೆ ತಪ್ಪೆಂದು ಕಂಡ ಮಾತ್ರಕ್ಕೆ ಅವನಿಗೆ ತೀರ್ಮಾನಿಸುವ ಸಾಮರ್ಥ್ಯವಿಲ್ಲ ಎನ್ನಕೂಡದು ಎನ್ನುತ್ತದೆ. ಚಿಕಿತ್ಸೆಯಂಥ ಗಹನ ವಿಷಯದಲ್ಲಿ ಒಪ್ಪಿದ ಸ್ವಾತಂತ್ರ್ಯವನ್ನು ಓದಿನ ವಿಷಯದಲ್ಲಿ ನಿರಾಕರಿಸುವುದಕ್ಕೆ ತರ್ಕವಿಲ್ಲ. ಆದರೂ ಒಂದು ನಿಜವಾದ ತೊಡಕಿದೆ. ಖಿನ್ನತೆಯ ಮಧ್ಯದಲ್ಲಿರುವವನು ‘ನನ್ನಿಂದಾಗದು’ ಎಂದು ಮನೆಯನ್ನು ಆರಿಸಬಹುದು, ಉನ್ಮಾದದ ಏರಿನಲ್ಲಿರುವವನು ದೂರದ ಊರಿನ ಅತಿ ಕಠಿಣ ಕೋರ್ಸನ್ನು. ಎರಡರಲ್ಲಿ ಯಾವ ‘ನಾನು’ ನಿಜವಾದದ್ದು? ಅದೇ ಕಾಯ್ದೆಯ 5ನೆಯ ಕಲಂ ಇದಕ್ಕೊಂದು ಜಾಣ ದಾರಿ ತೋರಿದೆ: ಸ್ವಸ್ಥನಿರುವಾಗಲೇ, ಮುಂದೆ ಕಾಯಿಲೆ ಬಂದರೆ ಹೇಗೆ ನೋಡಿಕೊಳ್ಳಬೇಕೆಂದು ಬರೆದಿಡುವ ಮುಂಗಡ ನಿರ್ದೇಶನ. ಕಾನೂನಿನಲ್ಲಿ ಅದು ಚಿಕಿತ್ಸೆಗೆ ಮಾತ್ರ ಅನ್ವಯ. ಆದರೆ ಓದಿನಲ್ಲೂ ಯಾವ ಲಕ್ಷಣ ಕಂಡರೆ ಒಂದು ಸೆಮಿಸ್ಟರ್ ಬಿಡುವುದು, ಯಾವಾಗ ಮನೆಗೆ ಮರಳುವುದು, ಯಾರಿಗೆ ಹೇಳುವುದು ಎಂದು ನೆಮ್ಮದಿಯ ದಿನಗಳಲ್ಲಿ ಬರೆದಿಡುವುದಕ್ಕೆ ಯಾವ ಕಾನೂನೂ ಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಆ ಹಾಳೆ ಸಾಲದಾದಾಗ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಈ ಸಹಾಯವಾಣಿ ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೂ ಇದೆ.

ಆಯ್ಕೆ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ ಎಂಬುದರಿಂದ ಕೊನೆಯ ಪ್ರಶ್ನೆ ಹುಟ್ಟುತ್ತದೆ: ನಡುವೆ ನಿಂತುಹೋದರೆ? ಅರ್ಜುನ ಗೀತೆಯ ಅದೇ ಆರನೆಯ ಅಧ್ಯಾಯದಲ್ಲಿ ಇದನ್ನೇ ಕೇಳಿದ. ಶ್ರದ್ಧೆ ಇದ್ದೂ ಮನಸ್ಸು ಜಾರಿ ಸಿದ್ಧಿಗೆ ಮುಟ್ಟದವನು ಎರಡೂ ಕಡೆ ತಪ್ಪಿ ಚದುರಿದ ಮೋಡದಂತೆ ಹಾಳಾಗುತ್ತಾನೆಯೇ? ಕೃಷ್ಣನ ಉತ್ತರ, ಇಲ್ಲ. ಯೋಗಭ್ರಷ್ಟನು ಮುಂದೊಂದು ಜನ್ಮದಲ್ಲಿ ಹಿಂದಿನ ಬುದ್ಧಿಯ ಸಂಬಂಧವನ್ನು ಮರಳಿ ಪಡೆದು ಅಲ್ಲಿಂದಲೇ ಮುಂದುವರಿಯುತ್ತಾನೆ. ಡಿಸ್‌ಕಂಟಿನ್ಯೂ ಆದವನೆಂಬ ಮಾತು ಮದುವೆ ಮಾತುಕತೆಯವರೆಗೂ ಬೆನ್ನು ಹತ್ತುವ ಸಮಾಜಕ್ಕೆ ಈ ಉತ್ತರ ಇನ್ನೂ ಇಳಿದಿಲ್ಲ. ಅದರ ಮಂದ ಛಾಯೆಯೊಂದು ಆಡಳಿತದಲ್ಲಿ ಬಂದಿದೆ. 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಇಟ್ಟು, ಬಿಟ್ಟು ಹೋಗಿ, ಮರಳಿ ಬಂದು ಬಳಸಬಹುದು. ಎರಡೂ ಸಂಸ್ಥೆಗಳು ವ್ಯವಸ್ಥೆಯೊಳಗಿದ್ದರೆ ಒಂದರಿಂದ ಇನ್ನೊಂದಕ್ಕೆ ಒಯ್ಯಲೂಬಹುದು. ಕ್ಯಾಂಪಸ್ಸಿನಿಂದ ಮನೆಗೂ ಮನೆಯಿಂದ ಕ್ಯಾಂಪಸ್ಸಿಗೂ ಓಡಾಡಬೇಕಾದವರಿಗೆ ಹೇಳಿ ಮಾಡಿಸಿದ ಏರ್ಪಾಡು. ಆದರೆ ನಿಯಮದ ಪ್ರಕಾರ ಕ್ರೆಡಿಟ್‌ಗಳ ಆಯುಷ್ಯ ಗರಿಷ್ಠ 7 ವರ್ಷ. ಮರುಕಳಿಸುವ ಕಾಯಿಲೆಯ ಲೆಕ್ಕದಲ್ಲಿ ಏಳು ವರ್ಷ ದೊಡ್ಡದೇನಲ್ಲ. ಎರಡು ಮರುಕಳಿಕೆ, ಒಂದು ಆಸ್ಪತ್ರೆವಾಸ, ಹೊಸ ಮಾತ್ರೆಗೆ ಹೊಂದಿಕೊಳ್ಳುವ ತಿಂಗಳುಗಳು ಸೇರಿದರೆ ತೀರಿಹೋಗುತ್ತದೆ. ಪ್ರಮಾಣಪತ್ರವಿರುವ ಅಂಗವಿಕಲ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣದ ಪ್ರವೇಶದಲ್ಲಿ 2016ರ ಕಾಯ್ದೆ 5 ವರ್ಷಗಳ ವಯೋಮಿತಿ ಸಡಿಲಿಕೆ ಕೊಟ್ಟಿದೆ. ಕ್ರೆಡಿಟ್‌ಗಳ ಅವಧಿಗೂ ಅದನ್ನು ವಿಸ್ತರಿಸಲು ಹೊಸ ತತ್ವವೇನೂ ಬೇಕಿಲ್ಲ, ನಿಯಮಾವಳಿಗೆ ಒಂದು ತಿದ್ದುಪಡಿ ಸಾಕು.